ಹದಿಮೂರು ಮೆಟ್ಟಿಲು, ಒಂದು ಬೋರ್ಡು, ಅರ್ಧ ಗಡ್ಡ

ಬಾಮೈದ: ಬಲಗೈ, ಬಾವ! ಬಲಗೈ! ಅವಳು ಬಲಗೈಯಲ್ಲಿ ರೇಲಿಂಗ್ ಹಿಡ್ಕೊಂಡೇ ಇಳಿದದ್ದು. ಯಾರ ಮೇಲೆ ಆಣೆ ಇಡಬೇಕು ಹೇಳಿ, ಇಡ್ತೀನಿ.

ಬಾವ: ಮೊದಲು ತಲೆ ಅಲ್ಲಾಡಿಸೋದು ನಿಲ್ಸು. ಕೈಯಲ್ಲಿ ಕತ್ತಿ ಇದೆ. ಎಡಗೈ.

ಬಾಮೈದ: ಓಹೋ, ಕತ್ತಿ ತೋರಿಸಿ ಎಡಗೈ ಅನ್ನಿಸ್ತೀರಾ?

ಬಾವ: ನಾನೆಲ್ಲಿ ತೋರಿಸ್ದೆ? ಗಡ್ಡ ಕೆರೀತಿದ್ದೀನಿ. ಕೆರೆಯೋವಾಗ ನಿನಗೆ ಬುದ್ಧಿ ಬಂದ್ರೆ ಅದು ನನ್ನ ತಪ್ಪಾ?

ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಸಿಕ್ಕಿಬಿದ್ದಿದ್ದವನು ಪಕ್ಕದ ಮನೆಯ ಟೈಲರ್. ಕತ್ತಿ ಹಿಡಿದು ನಿಂತವನು ಅವನ ಅಕ್ಕನ ಗಂಡ, ಈ ಮನೆಯ ಮುಂದಿನ ಕೋಣೆಯಲ್ಲೇ ಕಟಿಂಗ್ ಶಾಪ್ ಇಟ್ಟುಕೊಂಡವನು. ಆ ಅಕ್ಕ ಒಳಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಅಂಗಡಿಯ ಟವಲುಗಳನ್ನು ಮಡಚುತ್ತಿದ್ದಳು. ಈ ಬಾವ ಬಾಮೈದರದು ಮೂವತ್ತು ವರ್ಷದ ಜಗಳ. ಆಸ್ತಿಗಲ್ಲ, ಪಾಸ್ತಿಗಲ್ಲ, 'ಹದಿಮೂರು ಮೆಟ್ಟಿಲು' ಎಂಬ ಹಳೆಯ ಟೀವಿ ಧಾರಾವಾಹಿಗೆ.

ಅದು ಬರುತ್ತಿದ್ದ ಕಾಲದಲ್ಲಿ ಗುರುವಾರ ಸಂಜೆ ಬೀದಿಯಲ್ಲಿ ನಾಯಿ ಕೂಡ ಓಡಾಡುತ್ತಿರಲಿಲ್ಲ. ಒಂದೇ ಒಂದು ಸಲ ಪ್ರಸಾರವಾಯಿತು. ಆಮೇಲೆ ಗೋದಾಮಿಗೆ ನೀರು ನುಗ್ಗಿ ಟೇಪುಗಳೆಲ್ಲ ಹಾಳಾದವು. ಈಗ ಉಳಿದಿರುವುದು ನೋಡಿದವರ ನೆನಪು ಮತ್ತು ಆ ನೆನಪನ್ನು ಒಟ್ಟುಹಾಕಿಕೊಂಡು ಊರೂರು ತಿರುಗುವ ಒಂದು ಅಭಿಮಾನಿ ಸಂಘ. ಕೊನೆಯ ದೃಶ್ಯವನ್ನು ಚಿತ್ರೀಕರಿಸಿದ್ದು ಈ ಎರಡು ಅವಳಿ ಮನೆಗಳಲ್ಲಿ ಒಂದರಲ್ಲಿ ಎಂದು ಸಂಘದವರು ಪತ್ತೆ ಹಚ್ಚಿದ್ದರು. ಯಾವುದರಲ್ಲಿ ಎಂದು ಹೇಳಬೇಕಾದ ಹಳೆಯ ಮಾಲೀಕ ತೀರಿಹೋಗಿ ಎಷ್ಟೋ ಕಾಲವಾಗಿತ್ತು.

ಮನೆಗಳೋ, ಒಂದೇ ಗೋಡೆಗೆ ಆಚೆ ಈಚೆ ಒರಗಿಸಿ ಕಟ್ಟಿದವು. ಎರಡರಲ್ಲೂ ಹದಿಮೂರೇ ಮೆಟ್ಟಿಲು. ಒಂದರಲ್ಲಿ ಇಳಿಯುವವರ ಎಡಗೈಗೆ ರೇಲಿಂಗು, ಇನ್ನೊಂದರಲ್ಲಿ ಬಲಗೈಗೆ, ವ್ಯತ್ಯಾಸ ಅಷ್ಟೇ. ಧಾರಾವಾಹಿ ಮುಗಿದ ಮರುವರ್ಷ ಎರಡೂ ಮನೆ ಖಾಲಿಯಾದಾಗ, ಹಿರಿಯನೆಂದು ಬಾವನಿಗೆ ಮೊದಲ ಆಯ್ಕೆ ಸಿಕ್ಕಿತು. ಎರಡು ಮಹಡಿಗಳನ್ನೂ ಹತ್ತಿ ಇಳಿದು, ಎಡಗೈ ರೇಲಿಂಗನ್ನು ತಬ್ಬಿಕೊಂಡು, "ಇದೇ! ಇದೇ!" ಎಂದು ಕಣ್ಣೊರೆಸಿಕೊಂಡಿದ್ದ. ಉಳಿದ ಮನೆ ಬಾಮೈದನ ಪಾಲಿಗೆ ಬಂತು. ಅಂದಿನಿಂದ ಕಟಿಂಗಿಗೆ ಬಂದವರನ್ನೆಲ್ಲ ಬಾವ ಒಳಗೆ ಕರೆದುಕೊಂಡು ಹೋಗಿ ಮೆಟ್ಟಿಲು ತೋರಿಸಿಯೇ ಕಳಿಸುತ್ತಿದ್ದ. ಬೇಡವೆಂದವರಿಗೂ ತೋರಿಸುತ್ತಿದ್ದ.

ಇವತ್ತು ನಾಲ್ಕು ಗಂಟೆಗೆ ಸಂಘದವರು ಬರುವವರಿದ್ದರು. "ಯಾವ ಮನೆ ಎಂದು ನೀವೇ ಮಾತಾಡಿಕೊಂಡು ತಿಳಿಸಿ. ಬೋರ್ಡು ಒಂದೇ ಮಾಡಿಸಿದ್ದೇವೆ" ಎಂದು ಪತ್ರ ಬರೆದಿದ್ದರು. ಬೋರ್ಡು ಪಕ್ಕದ ಮನೆಗೆ ಹೋದರೆ ಮೂವತ್ತು ವರ್ಷದ ಗಿರಾಕಿಗಳಿಗೆ ಯಾವ ಮುಖ ತೋರಿಸುವುದು ಎಂಬುದೇ ಬಾವನ ಸಂಕಟ.

ಬಾವ: ನೋಡು, ಆ ದೃಶ್ಯದಲ್ಲಿ ಒಂದೊಂದು ಕೂದಲೂ ನನಗೆ ನೆನಪಿದೆ. ನಾಯಕ ಬನಿಯನ್ನಿನಲ್ಲಿ ನಿಂತ್ಕೊಂಡು ಶೇವ್ ಮಾಡ್ಕೋತಿರ್ತಾನೆ. ನಾಯಕಿ ಹೇಳದೆ ಕೇಳದೆ ಮೆಟ್ಟಿಲು ಇಳಿದು ಹೊರಟುಬಿಡ್ತಾಳೆ. ಇವನ ಮುಂದಿನ ಕನ್ನಡಿಯಲ್ಲಿ ಅದು ಕಾಣುತ್ತೆ. ಇವನು ತಿರುಗಲ್ಲ! ಕೈ ನಿಲ್ಲಿಸಲ್ಲ! ಕನ್ನಡಿಯಲ್ಲೇ ನೋಡ್ತಾ ನೋಡ್ತಾ ಕೆನ್ನೆ ಕೊಯ್ಕೋತಾನೆ.

ಬಾಮೈದ: ಅದು ಯಾರಿಗೆ ಗೊತ್ತಿಲ್ಲ? ನಾನೂ ಅತ್ತಿದ್ದೀನಿ.

ಬಾವ: ನೀನು ಅತ್ತದ್ದು ಅವಳು ಹೋದಳಲ್ಲ ಅಂತ. ನಾನು ಅತ್ತದ್ದು ಅವನು ರೇಜರ್ ಹಿಡಿದ ರೀತಿಗೆ. ಹಾಗೆ ಹಿಡಿದ್ರೆ ಕೊಯ್ಯದೆ ಇನ್ನೇನಾಗುತ್ತೆ?

ಅಕ್ಕ: ಇಬ್ಬರೂ ಅತ್ತದ್ದು ಸಾಕು. ಮೂಗಿನ ಕೆಳಗೆ ನೊರೆ ಒಣಗ್ತಿದೆ ನೋಡಿ.

ಬಾಮೈದ: ಅಕ್ಕ, ನೀನೇ ಹೇಳು. ಬಾವನಿಗೆ ಒಂದಾದ್ರೂ ನೆಟ್ಟಗೆ ನೆನಪಿದೆಯಾ? ನಾಯಕನ ಶರ್ಟಿನ ಜೇಬು ಬಲಗಡೆ ಇತ್ತು ಅಂತಾರೆ! ಭೂಮಿ ಮೇಲೆ ಯಾವ ಟೈಲರ್ ಬಲಗಡೆ ಜೇಬು ಹಾಕ್ತಾನೆ?

ಬಾವ: ಅದಕ್ಕೇ ಅವನು ನಾಯಕ, ನೀನು ಟೈಲರ್. ಅವನು ಎಡಚ. ಎಡಗೈಯಲ್ಲಿ ಪೆನ್ನು ತೆಗೀಬೇಕಾದ್ರೆ ಜೇಬು ಬಲಗಡೆನೇ ಇರಬೇಕು.

ಬಾಮೈದ: ಎಡಚ ಅಂತ ನಿಮಗೆ ಯಾರು ಹೇಳಿದ್ರು?

ಬಾವ: ಕಣ್ಣು ಹೇಳ್ತು. ಐವತ್ತೆರಡು ಕಂತು ನೋಡಿದ ಕಣ್ಣು.

ಬಾಮೈದ: ಮೂವತ್ತು ವರ್ಷದಿಂದ ನಿಮ್ಮ ಶರ್ಟಿಗೆಲ್ಲ ಬಲಗಡೆ ಜೇಬು ಹೊಲೀತಿದ್ದೀನಿ. ಪ್ರತಿ ಸಲ ಹೊಲಿಯೋವಾಗ, ಯಾರಾದ್ರೂ ಕೇಳಿದ್ರೆ ನಾನಲ್ಲ ಅಂತ ಹೇಳಬೇಕು ಅಂದ್ಕೊಂಡೇ ಹೊಲೀತೀನಿ. ಬೈತಲೆ ಕಥೆ ಬೇರೆ! ನಾಯಕನ ಸ್ಟೈಲು ನಾಯಕನ ಸ್ಟೈಲು ಅಂತ ಬೀದಿ ಗಂಡಸರಿಗೆಲ್ಲ ಬಲಗಡೆ ಬೈತಲೆ ತೆಗೆದಿಟ್ಟಿದ್ದೀರಿ. ಬೇರೆ ಬೀದಿಯವರು ನಮ್ಮನ್ನ ದೂರದಿಂದಲೇ ಗುರುತು ಹಿಡೀತಾರೆ.

ಬಾವ: ಗುರುತು ಹಿಡೀತಾರಲ್ಲ, ಸಂತೋಷಪಡು.

ಹೇಳಿದವನು ಕತ್ತಿಯನ್ನು ಪಟಕ್ಕನೆ ಮಡಚಿ ಮೇಜಿನ ಮೇಲಿಟ್ಟ. ಬಾಮೈದನ ಬಲಗೆನ್ನೆ ನುಣ್ಣಗೆ ಹೊಳೆಯುತ್ತಿತ್ತು. ಎಡಗೆನ್ನೆಯ ತುಂಬ ನೊರೆ ಹಾಗೇ ಇತ್ತು.

ಬಾಮೈದ: ಯಾಕೆ ನಿಲ್ಲಿಸಿದ್ರಿ?

ಬಾವ: ಎಡಗೈ ಅನ್ನು, ಎಡಗೆನ್ನೆ ಮಾಡ್ತೀನಿ.

ಬಾಮೈದ: ಬಾವ! ಅವರು ಫೋಟೋ ತೆಗೀತಾರೆ!

ಬಾವ: ತೆಗೀಲಿ. ಅರ್ಧ ನೀನು, ಅರ್ಧ ನಿಮ್ಮಜ್ಜ. ವಂಶವೇ ಬಂದಹಾಗಿರುತ್ತೆ.

ಅಕ್ಕ: ರೀ, ನಮ್ಮ ಅಜ್ಜನ ಸುದ್ದಿಗೆ ಹೋಗಬೇಡಿ.

ಬಾಮೈದ ಕುರ್ಚಿಯಿಂದ ಏಳಲು ನೋಡಿದ. ಬಾವ ಭುಜ ಒತ್ತಿ ಕೂರಿಸಿದ. ಕನ್ನಡಕ ಬಿಚ್ಚಿಟ್ಟಿದ್ದ ಬಾಮೈದ ಕಣ್ಣು ಕಿರಿದು ಮಾಡಿಕೊಂಡು ಎದುರಿನ ಕನ್ನಡಿಯನ್ನು ನೋಡಿದ. ಅದರಲ್ಲಿ ಹಿಂದಿನ ಗೋಡೆಯ ಗಡಿಯಾರದ ಮುಳ್ಳುಗಳು ಮಸುಕಾಗಿ ಕಾಣುತ್ತಿದ್ದವು.

ಬಾಮೈದ: ಇದೇನಿದು? ಎಂಟೂ ಇಪ್ಪತ್ತೈದಾ? ಗಡಿಯಾರ ಬೇರೆ ಕೆಟ್ಟು ಕೂತಿದೆ!

ಬಾವ: ನಿನ್ನ ತಲೆ ಕೆಟ್ಟಿದೆ. ಮೂರೂ ಮೂವತ್ತೈದು. ಕನ್ನಡಿಯಲ್ಲಿ ನೋಡಿದ್ರೆ ಎಲ್ಲ ಹಿಂದುಮುಂದಾಗಿ ಕಾಣುತ್ತೆ ಕಣೋ, ಅಷ್ಟೂ ಗೊತ್ತಿಲ್ವಾ? ನಮಗೆ ಅಭ್ಯಾಸ. ಗಿರಾಕಿ ತಲೆ ಬಿಟ್ಟು ತಿರುಗೋ ಹಾಗಿಲ್ಲವಲ್ಲ. ಬಂದವರು, ಹೋದವರು, ಗಡಿಯಾರ, ಟೀವಿ, ನಾನು ಎಲ್ಲವನ್ನೂ ನೋಡೋದೇ ಕನ್ನಡಿಯಲ್ಲಿ...

ಬಾವ ಕನ್ನಡಿಯನ್ನೇ ದಿಟ್ಟಿಸತೊಡಗಿದ.

ಈ ಮನೆಗೆ ಬರುವ ಮೊದಲಿನ ಹಳೆಯ ಅಂಗಡಿ ಅವನ ಕಣ್ಣ ಮುಂದೆ ಬಂತು. ಕುರ್ಚಿಯಲ್ಲಿ ಕೂತ ಗಿರಾಕಿಗೆ ಎದುರಿನ ಕನ್ನಡಿಯಲ್ಲಿ ಕಾಣಲಿ ಎಂದು ಟೀವಿಯನ್ನು ಹಿಂದಿನ ಗೋಡೆಯ ಮೇಲೆ ಇಟ್ಟವನು ಅವನೇ. ಗುರುವಾರ ಸಂಜೆ ಅಂಗಡಿ ತುಂಬಿ ತುಳುಕುತ್ತಿತ್ತು. ಕೈ ಒಬ್ಬೊಬ್ಬರ ತಲೆಯ ಮೇಲೆ, ಕಣ್ಣು ಕನ್ನಡಿಯ ಮೇಲೆ. ಐವತ್ತೆರಡು ಕಂತಿನಲ್ಲಿ ಒಂದನ್ನೂ ಅವನು ತಿರುಗಿ ನೋಡಿರಲಿಲ್ಲ. ಕೈ ತಾನಾಗಿ ಎದೆಯ ಬಲಗಡೆಯ ಜೇಬಿಗೆ ಹೋಯಿತು.

ಬಾಮೈದ: ಏನಾಯ್ತು ಬಾವ? ಮಾತು ನಿಂತುಹೋಯ್ತು?

ಬಾವ: ಏನಿಲ್ಲ.

ಬಾಮೈದ: ಮುಖ ಬಿಳಿಚಿಕೊಂಡಿದೆ. ಅಕ್ಕ, ನೀರು ಕೊಡು.

ಬಾವ: ಏನಿಲ್ಲ ಅಂದ್ನಲ್ಲ!

ಬಾಮೈದನಿಗೆ ಗಾಬರಿಯಾಯಿತು. ಬಾವ ಬೈದರೆ ತಡೆದುಕೊಳ್ಳಬಲ್ಲ. ಬಾವ ಸುಮ್ಮನಾದರೆ ತಡೆದುಕೊಳ್ಳಲಾರ. ಅಕ್ಕನನ್ನು ಒಮ್ಮೆ, ಬಾವನನ್ನು ಒಮ್ಮೆ ನೋಡಿದ.

ಬಾಮೈದ: ಹೋಗ್ಲಿ ಬಿಡಿ ಬಾವ. ಒಂದು ಬೋರ್ಡಿಗೆ ಯಾಕೆ ಇಷ್ಟು ಮನಸ್ಸಿಗೆ ಹಚ್ಕೋತೀರಿ? ನಿಮ್ಮ ಮನೆನೇ ಅಂತ ಹೇಳೋಣ. ಎಡಗೈ. ಸರಿನಾ? ನಾನೇ ಹೇಳ್ತೀನಿ ಅವರಿಗೆ.

ಇಷ್ಟು ಹೊತ್ತು ಬಾವ ಕಾಯುತ್ತಿದ್ದ ಮಾತು ಇದೇ. ಈಗ ಅದು ಕಿವಿಗೆ ಬಿದ್ದರೆ ಕಾದ ಸೀಸದ ಹಾಗಿತ್ತು. ಸುಮ್ಮನಿದ್ದರೆ ಬೋರ್ಡು ತನ್ನದು. ಆದರೆ ಬೆಳಗಾದರೆ ಇದೇ ಕನ್ನಡಿಯ ಮುಂದೆ ನಿಲ್ಲಬೇಕಲ್ಲ. ಅವನು ಟವಲಿನಿಂದ ಮುಖ ಒರೆಸಿಕೊಂಡ.

ಬಾವ: ಬೇಡ ಕಣೋ. ನಿನ್ನ ಮನೆನೇ ಅದು.

ಬಾಮೈದ: ಹಾಂ?

ಬಾವ: ನಾನು ಟೀವಿ ನೋಡೇ ಇಲ್ಲ. ಕನ್ನಡಿ ನೋಡಿದ್ದು. ಟೀವಿ ನನ್ನ ಬೆನ್ನ ಹಿಂದೆ ಇತ್ತು.

ಬಾಮೈದ ಕನ್ನಡಿಯನ್ನೊಮ್ಮೆ, ಹಿಂದಿನ ಗೋಡೆಯನ್ನೊಮ್ಮೆ ನೋಡಿದ. ಅರ್ಥವಾದ ಮೇಲೆ ಬಿಳಿ ಬಟ್ಟೆಯ ಸಮೇತ ಕುರ್ಚಿಯಿಂದ ಎದ್ದು ಕುಣಿದ.

ಬಾಮೈದ: ಹಾಗಾದ್ರೆ ಜೇಬು!

ಬಾವ: ಎಡಗಡೆ.

ಬಾಮೈದ: ಬೈತಲೆ!

ಬಾವ: ಎಡಗಡೆ.

ಬಾಮೈದ: ಎಡಚ!

ಬಾವ: ಅಲ್ಲ. ನಮ್ಮೆಲ್ಲರ ಹಾಗೆ ಬಲಗೈಯವನು. ಕುಣಿಯಬೇಡ, ನೊರೆ ಹಾರುತ್ತೆ.

ಬಾಮೈದ: ಅಲ್ಲ ಬಾವ, ಶುರುವಿನಲ್ಲಿ ಹೆಸರುಗಳು ಬರೋವಾಗ ಅಕ್ಷರ ಉಲ್ಟಾ ಕಾಣಲಿಲ್ವಾ?

ಬಾವ: ಹೆಸರು ಬರೋವಾಗ ನಾನು ತಲೆ ಬಗ್ಗಿಸಿ ಸೋಪು ಕಲಸ್ತಿದ್ದೆ. ಅಷ್ಟು ಮಂದಿಗೆ ನೊರೆ ಏಳಿಸಬೇಕಾದ್ರೆ ಸುಮ್ನೇನಾ?

ಅಕ್ಕ ಟವಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಬಂದೇಬಿಟ್ಟ. ಬೋಳುತಲೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಬೋರ್ಡು, ಕೈಯಲ್ಲಿ ಸುತ್ತಿಗೆ, ಕೊರಳಲ್ಲಿ ಕ್ಯಾಮೆರಾ. ಅರ್ಧ ನೊರೆಯ ಮುಖ ಕಂಡು ಒಂದು ಹೆಜ್ಜೆ ಹಿಂದೆ ಸರಿದ.

ಕಾರ್ಯದರ್ಶಿ: ನಮಸ್ಕಾರ. ಸ್ವಲ್ಪ ಬೇಗ ಬಂದೆ ಅನ್ಸುತ್ತೆ. ಯಾವ ಮನೆ ಅಂತ ತೀರ್ಮಾನ ಆಯ್ತಾ?

ಬಾವ: ಆಯ್ತು ಸ್ವಾಮಿ. ಪಕ್ಕದ್ದು. ಇವನದು.

ಹೇಳಿದ ಬಾವ ಮೇಜಿನ ಮೇಲಿನ ಬಾಚಣಿಗೆಗಳನ್ನು ಜೋಡಿಸತೊಡಗಿದ. ಬಾಮೈದ ಮಾತ್ರ ಗಡ್ಡದ ಚಿಂತೆಯನ್ನೂ ಮರೆತು, ಕಾರ್ಯದರ್ಶಿಯ ಕೈ ಹಿಡಿದು ಎಳೆದುಕೊಂಡು ಹೋಗಿ, ತನ್ನ ಬಾಗಿಲ ಪಕ್ಕದಲ್ಲಿ ತಾನೇ ಮೊಳೆ ಹೊಡೆದು ಬೋರ್ಡು ನೇತುಹಾಕಿದ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಎಂದು ದೂರ ನಿಂತು ಹೇಳಿದವನು ಬಾವನೇ. ಕಾರ್ಯದರ್ಶಿ ಫೋಟೋ ತೆಗೆದ, ನೊರೆಯ ಸಮೇತ. ಅಕ್ಕ ಟವಲುಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದಳು.

ಅಕ್ಕ: ಮುಗೀತಾ? ಈಗ ನಾನೊಂದು ಮಾತು ಕೇಳ್ಲಾ?

ಬಾಮೈದ: ಕೇಳಕ್ಕ!

ಅಕ್ಕ: ಕನ್ನಡಿಯಲ್ಲಿ ನೋಡಿದ್ರೆ ಎಡ ಹೋಗಿ ಬಲ ಆಗುತ್ತೆ. ಹೌದಾ?

ಬಾಮೈದ: ಅದೇ ತಾನೆ ಬಾವ ಮೂವತ್ತು ವರ್ಷ ಮಾಡಿದ ಎಡವಟ್ಟು!

ಅಕ್ಕ: ಅವಳು ಮೆಟ್ಟಿಲು ಇಳಿದದ್ದನ್ನ ಟೀವಿಯಲ್ಲಿ ಎಲ್ಲಿ ತೋರಿಸಿದ್ರು?

ಬಾಮೈದ: ಎಲ್ಲಿ ಅಂದ್ರೆ? ಅವನು ಶೇವ್ ಮಾಡ್ತಿರ್ತಾನೆ, ಎದುರಿಗೆ ಕನ್ನಡಿಯಲ್ಲಿ...

ಬಾಮೈದನ ಸುತ್ತಿಗೆ ಕೈಯಲ್ಲೇ ನಿಂತಿತು.

ಅಕ್ಕ: ಕನ್ನಡಿಯಲ್ಲಿ. ನಿನಗೆ ಟೀವಿಯಲ್ಲಿ ಬಲಗೈ ಕಂಡಿತು ಅಂದ್ರೆ, ಅವಳು ಹಿಡಿದದ್ದು ಎಡಗೈಯಲ್ಲಿ. ನಿಮ್ಮ ಬಾವ ಆ ಕನ್ನಡಿನ ತಮ್ಮ ಕನ್ನಡಿಯಲ್ಲಿ ನೋಡಿದ್ರು. ತಿರುಗಿದ್ದು ಇನ್ನೊಂದು ಸಲ ತಿರುಗಿ ನೆಟ್ಟಗಾಯ್ತು. ಜೇಬು ತಪ್ಪು, ಬೈತಲೆ ತಪ್ಪು, ಎಲ್ಲ ತಪ್ಪು. ಆದರೆ ಆ ಮೆಟ್ಟಿಲು ಮಾತ್ರ ನಮ್ಮದೇ.

ಕಾರ್ಯದರ್ಶಿ ತನ್ನ ಎರಡೂ ಕೈ ಎತ್ತಿ ಎಡ ಬಲ ನೋಡಿಕೊಂಡ, ಮತ್ತೆ ನೋಡಿಕೊಂಡ, ಹೌದೆಂದು ತಲೆಯಾಡಿಸಿದ. ಬಾವನ ಎದೆ ಜೇಬಿನ ಸಮೇತ ಎರಡಿಂಚು ಉಬ್ಬಿತು.

ಬಾವ: ಕೇಳಿದ್ರಾ ಸ್ವಾಮಿ? ಇಷ್ಟು ಜನ ಅಭಿಮಾನಿಗಳಲ್ಲಿ ಆ ದೃಶ್ಯ ನೆಟ್ಟಗೆ ನೋಡಿದವನು ನಾನೊಬ್ಬನೇ!

ಬಾಮೈದ: ಅಕ್ಕ, ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿನಗೆ? ಮೊಳೆ ಹೊಡೆದಾಯ್ತು!

ಅಕ್ಕ: ಮೂವತ್ತು ವರ್ಷ ಇಬ್ಬರೂ ನನ್ನ ಮುಂದೇನೇ ಕಿತ್ತಾಡಿದ್ರಿ. ಅವಳು ಯಾವ ಕೈಯಲ್ಲಿ ಹಿಡಿದಳು ಅಂತ ಒಬ್ಬರಾದ್ರೂ ನನ್ನನ್ನ ಕೇಳಿದ್ರಾ? ಕೀಳು ಮೊಳೆ.

ಬಾಮೈದ ಮುಖ ಸಣ್ಣದು ಮಾಡಿಕೊಂಡು ಮೊಳೆ ಕಿತ್ತ. ಬೋರ್ಡು ಎರಡೇ ಹೆಜ್ಜೆ ಆಚೆ ಹೋಗಿ ಬಾವನ ಗೋಡೆಯ ಮೇಲೆ ಕೂತಿತು. ಕಾರ್ಯದರ್ಶಿ ಇನ್ನೊಂದು ಫೋಟೋಗೆ ಎಲ್ಲರನ್ನೂ ನಿಲ್ಲಿಸುವಷ್ಟರಲ್ಲಿ ಬಾವ ಬಾಮೈದನ ಹೆಗಲ ಮೇಲೆ ಕೈ ಹಾಕಿ, ಒಳಗೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ ಕತ್ತಿ ಬಿಚ್ಚಿದ.

ಬಾವ: ಒಂದು ನಿಮಿಷ ಕಾಯಲಿ ಅವರು. ಬಾಕಿ ಇರೋ ಕೆನ್ನೆ ಕೊಡು ಇತ್ತ.

ಬಾಮೈದ ಕನ್ನಡಿ ನೋಡಿದ. ಕೆನ್ನೆ ಮುಟ್ಟಿಕೊಂಡ. ನೊರೆಯೆಲ್ಲ ಒಣಗಿ ಉದುರಿಹೋಗಿತ್ತು.

ಬಾಮೈದ: ಬಾಕಿ ಇರೋದು ಯಾವುದು ಬಾವ, ಎಡದ್ದಾ ಬಲದ್ದಾ?

ಬಾವ: ನನ್ನನ್ನ ಯಾಕೆ ಕೇಳ್ತೀಯ? ನಿಮ್ಮಕ್ಕನ್ನ ಕರಿ.