ಒಂದನೇ ಕ್ಲಾಸಿನ ಇಪ್ಪತ್ತೈದನೇ ಮಗು

ದುಬೈಯ ಒಂದು ಭಾರತೀಯ ಶಾಲೆಯಲ್ಲಿ ನಾನು ಒಂದನೇ ಕ್ಲಾಸಿನ ಟೀಚರು. ನಗಬೇಕು ಅನ್ನಿಸಿದಾಗ ಬೇರೆಯವರು ಟಿವಿ ಹಾಕುತ್ತಾರೆ, ನಾನು ಹಾಜರಿ ಕರೆಯುತ್ತೇನೆ. ತೊಂದರೆ ಏನೆಂದರೆ ನಗು ಬಂದಾಗ ನಗುವ ಹಾಗಿಲ್ಲ. ಟೀಚರು ನಕ್ಕರೆ ಇಪ್ಪತ್ನಾಲ್ಕು ಮಕ್ಕಳೂ ನಗುತ್ತವೆ, ಅವನ್ನೆಲ್ಲ ಸುಮ್ಮನಾಗಿಸುವಷ್ಟರಲ್ಲಿ ಪೀರಿಯಡ್ಡು ಖಲಾಸ್. ಹಾಗೆ ನಗದೇ ಉಳಿಸಿಕೊಂಡ ನಗುವನ್ನು ಈಗ ಇಲ್ಲಿ ನಗುತ್ತಿದ್ದೇನೆ.

ಇವೆಲ್ಲ ನಡೆದದ್ದು ನನ್ನ ಮೊದಲ ವರ್ಷದಲ್ಲಿ. ಶಾಲೆಗೆ ಇನ್‌ಸ್ಪೆಕ್ಷನ್ ಬರುವುದಿತ್ತು. "ನಿಮ್ಮ ಕ್ಲಾಸಿನ ಬಗ್ಗೆ ಒಳ್ಳೆಯ ಮಾತು ಬಂದರೆ ಕಾಂಟ್ರಾಕ್ಟ್ ಮುಂದುವರಿಯುತ್ತದೆ. ಇಲ್ಲದಿದ್ದರೆ ನೋಡೋಣ" ಅಂದಿದ್ದರು ಸೂಪರ್‌ವೈಸರ್ ಮೇಡಂ. ಗಲ್ಫಿನಲ್ಲಿ ಹತ್ತು ವರ್ಷ ಕಳೆದವರಿಗೆಲ್ಲ ಗೊತ್ತು, ಯಾರಾದರೂ "ನೋಡೋಣ" ಅಂದರೆ ಮಂಚದಡಿಯ ಸೂಟ್‌ಕೇಸನ್ನು ಒಮ್ಮೆ ಒರೆಸಿಡುವುದು ಒಳ್ಳೆಯದು. ಅದೇ ವರ್ಷ ರಾಸ್ ಅಲ್ ಖೋರಿನಲ್ಲಿ ನನ್ನ ಗಂಡ ಕೆಲಸ ಮಾಡುತ್ತಿದ್ದ ಗಾಡಿ ಬಿಡಿಭಾಗಗಳ ಕಂಪೆನಿ ಮುಚ್ಚಿತ್ತು. ಅವರೀಗ ನನ್ನ ಕೆಲಸದ ವೀಸಾದ ಆಸರೆಯಲ್ಲಿದ್ದರು. ಕರಾಮದ ಆ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾವಿಬ್ಬರೂ ಉಳಿಯುವುದು ಆರು ವರ್ಷದ ಇಪ್ಪತ್ನಾಲ್ಕು ಮಕ್ಕಳ ಕೈಯಲ್ಲಿತ್ತು.

ಮಳೆಯ ಪಾಠ

ಪಾಠದ ಚಿತ್ರದಲ್ಲಿ ಕೊಡೆ, ಕಪ್ಪೆ, ಕಾಗದದ ದೋಣಿ.

"ಮಳೆ ಬಂದರೆ ನಾವೇನು ಮಾಡುತ್ತೇವೆ?" ಎಂದು ಕೇಳಿದೆ.

"ಆನ್‌ಲೈನ್ ಕ್ಲಾಸ್!" ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು.

ತಪ್ಪೆನ್ನುವ ಹಾಗಿರಲಿಲ್ಲ. ಇಲ್ಲಿ ಜೋರು ಮಳೆ ಬಂದರೆ ಶಾಲೆ ಮುಚ್ಚುತ್ತದೆ, ಲ್ಯಾಪ್‌ಟಾಪು ತೆರೆಯುತ್ತದೆ. "ಸರಿ, ಕೊಡೆ ಯಾವಾಗ ಬೇಕು?" ಅಂದೆ. "ಬೀಚಿಗೆ ಹೋಗುವಾಗ." ಕಪ್ಪೆಯನ್ನು ಯಾರೂ ಕಂಡಿರಲಿಲ್ಲ. ದೋಣಿ ಯಾಕೆ ಎಂದು ಕೇಳಿದರೆ ಒಬ್ಬ ಗಂಭೀರವಾಗಿ, "ಪಪ್ಪನ ಕಾರು ಮುಳುಗಿದಾಗ ಬೇಕು" ಅಂದ.

ಈ ದಾರಿ ಸರಿಯಿಲ್ಲವೆಂದು ಋತುಗಳಿಗೆ ಹಾರಿದೆ. ಎಷ್ಟು ಋತುಗಳು? ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಎರಡು ಮಿಸ್. ಒಂದು ಎಸಿ ಹಾಕುವುದು. ಇನ್ನೊಂದು ಅಜ್ಜಿ ಬರುವುದು."

ಪುಸ್ತಕ ಬರೆದವರಿಗಿಂತ ಅವಳೇ ಸರಿ. ಇಲ್ಲಿ ಬಿಸಿಲು ಇಳಿದ ಮೇಲೆಯೇ ಅಜ್ಜಿಯಂದಿರು ವಿಸಿಟ್ ವೀಸಾದಲ್ಲಿ ಬಂದಿಳಿಯುತ್ತಾರೆ. ಆದರೂ ನಾನು ಬೋರ್ಡಿನಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಬರೆದೆ. ಮಕ್ಕಳು ನಂಬಲಿಲ್ಲ, ಆದರೆ ಒಳ್ಳೆಯ ಮಕ್ಕಳಾದ್ದರಿಂದ ಬರೆದುಕೊಂಡರು.

ಸ್ವಂತ ಕೈಯಿಂದ ಮಾಡಿದ ಮನೆ

"ಬೇಡದ ಡಬ್ಬಿಗಳಿಂದ ಒಂದು ಮನೆ ಮಾಡಿ ತನ್ನಿ. ಮಕ್ಕಳೇ ಮಾಡಬೇಕು." ಇದು ನಾನು ಕಳಿಸಿದ ಚೀಟಿ. ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೆ. ಹೆತ್ತವರ ಕಣ್ಣು ಗೆರೆ ಎಳೆದ ವಾಕ್ಯವನ್ನು ಬಿಟ್ಟು ಉಳಿದದ್ದನ್ನು ಓದುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಒಬ್ಬ ಹುಡುಗನ ಮನೆಯನ್ನು ಡ್ರೈವರೂ ವಾಚ್‌ಮನ್ನೂ ಸೇರಿ ಎತ್ತಿಕೊಂಡು ಬಂದರು. ಎರಡಂತಸ್ತಿನ ವಿಲ್ಲಾ. ಒಳಗೆ ದೀಪಗಳು, ಈಜುಕೊಳದಲ್ಲಿ ನಿಜವಾದ ನೀರು, ಗೇಟಿಗೆ ರಿಮೋಟು. ಹುಡುಗನ ತಂದೆಗೆ ಒಳಾಂಗಣ ಅಲಂಕಾರದ ಕಂಪೆನಿ ಇತ್ತು.

"ಇದರಲ್ಲಿ ನೀನು ಏನು ಮಾಡಿದೆ?" ಎಂದು ಹುಡುಗನನ್ನು ಕೇಳಿದೆ.

"ದೂರ ನಿಂತಿದ್ದೆ ಮಿಸ್. ಪಪ್ಪನ ಆಫೀಸಿನ ಮೂರು ಅಂಕಲ್ ಮಾಡಿದ್ರು. ಮುಟ್ಟಿದ್ರೆ ನೋಡು ಅಂದ್ರು."

ಸೂಪರ್‌ವೈಸರ್ ಮೇಡಂಗೆ ವಿಲ್ಲಾ ಎಷ್ಟು ಹಿಡಿಸಿತೆಂದರೆ ಅದನ್ನು ರಿಸೆಪ್ಷನ್ನಿನಲ್ಲಿ ಇಡಿಸಿ "ಒಂದನೇ ತರಗತಿಯ ಪುಟ್ಟ ಕೈಗಳ ಕೆಲಸ" ಎಂದು ಫಲಕ ಹಾಕಿಸಿದರು. ಹುಡುಗ ದಿನಾ ಅದರ ಮುಂದೆ ನಿಂತು ನೋಡಿ ಹೋಗುತ್ತಿದ್ದ. ಕೈ ಮಾತ್ರ ಹಿಂದೆ ಕಟ್ಟಿಕೊಂಡಿರುತ್ತಿದ್ದ.

ಅದೇ ದಿನ ಮನೆಗೆ ಹೋಗುವ ಹೊತ್ತಿಗೆ ನಮ್ಮ ಮಂಗಳೂರು ಕಡೆಯ ಬ್ಯಾರಿ ತಾಯಿಯೊಬ್ಬರು ಗೇಟಿನ ಹತ್ತಿರ ನನ್ನನ್ನು ತಡೆದರು. ಅವರ ಮಗ ಟೂತ್‌ಪೇಸ್ಟಿನ ನಾಲ್ಕು ಡಬ್ಬಿಗಳನ್ನು ಗೋಂದಿನಲ್ಲಿ ಮುಳುಗಿಸಿ ಅಂಟಿಸಿದ್ದ. ಮನೆ ಒಂದು ಬದಿಗೆ ವಾಲಿತ್ತು, ಕಿಟಕಿ ನೆಲಕ್ಕೆ ತಾಗಿತ್ತು. ತಾಯಿಯ ಮುಖ ಸಣ್ಣದಾಗಿತ್ತು.

"ಟೀಚರೇ, ಈ ಸಲ ಒಂದು ಬೇಜಾರು ಮಾಡ್ಬೇಡಿ ಆಯ್ತಾ" ಅಂದರು. "ಅದು ಅವನೇ ಮಾಡಿದ್ದು."

ಮೊಳಕೆ

ಲೋಟದಲ್ಲಿ ಹತ್ತಿ, ಹತ್ತಿಯ ಮೇಲೆ ಹೆಸರುಕಾಳು, ದಿನಾ ನಾಲ್ಕು ಹನಿ ನೀರು. ಎಲ್ಲ ಊರಿನ ಒಂದನೇ ಕ್ಲಾಸಿನಲ್ಲೂ ಇದು ನಡೆಯುತ್ತದೆ. ಆದರೆ ನಮ್ಮಲ್ಲಿ ಕಾಳಿಗಿಂತ ಮೊದಲು ಅಮ್ಮಂದಿರ ವಾಟ್ಸಾಪ್ ಗುಂಪು ಮೊಳಕೆ ಒಡೆಯಿತು. ಯಾರದು ಬಂತು, ಯಾರದು ಬರಲಿಲ್ಲ, ಎಷ್ಟು ಉದ್ದ, ಯಾವ ಬ್ರಾಂಡಿನ ಕಾಳು. ಮೂರನೇ ದಿನ ಒಬ್ಬ ತಂದೆಯ ಇಮೇಲ್ ಬಂತು, ಪ್ರಿನ್ಸಿಪಾಲರಿಗೂ ಒಂದು ಪ್ರತಿ. ಅವರ ಮಗಳ ಲೋಟವನ್ನು ಕಿಟಕಿಯಿಂದ ದೂರ ಇಟ್ಟಿದ್ದರಿಂದ ಆಕೆಯ ಕಾಳಿನ ಬೆಳವಣಿಗೆಗೆ ಅನ್ಯಾಯವಾಗಿದೆಯಂತೆ.

ಮೇಡಂ ನನ್ನನ್ನು ಕರೆಸಿ, "ಇನ್‌ಸ್ಪೆಕ್ಷನ್ ಹೊತ್ತಿನಲ್ಲಿ ದೂರು ಬೇಡ. ಸಮಾನ ಅವಕಾಶ ಕೊಡಿ" ಅಂದರು. ಕಾಂಟ್ರಾಕ್ಟ್ ನೆನಪಾಗಿ ನಾನು ಇಪ್ಪತ್ನಾಲ್ಕು ಲೋಟಗಳಿಗೆ ವೇಳಾಪಟ್ಟಿ ಬರೆದೆ. ಎರಡನೇ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಗಣಿತ, ಒಂದರಿಂದ ಆರನೇ ಲೋಟದವರೆಗೆ ಕಿಟಕಿ. ಗಂಟೆ ಹೊಡೆದ ಕೂಡಲೇ ಮಕ್ಕಳು ಆಟಕ್ಕೆ ಓಡುತ್ತಿದ್ದರು, ನಾನು ಲೋಟ ಬದಲಿಸಲು ಓಡುತ್ತಿದ್ದೆ. ಹೀಗೆ ಎತ್ತಿ ಇಟ್ಟು ಎತ್ತಿ ಇಟ್ಟು ಎಲ್ಲ ಮೊಳಕೆಗಳೂ ಸಮಾನವಾಗಿ ಬಾಡತೊಡಗಿದವು.

ಶನಿವಾರ ಭಾನುವಾರ ನೀರು ಹಾಕುವವರಿಲ್ಲವೆಂದು ಲೋಟಗಳನ್ನು ಮನೆಗೆ ಕಳಿಸಿದೆ. ಸೋಮವಾರ ಒಬ್ಬ ಹುಡುಗ ಲೋಟದ ಬದಲು ಟಿಫಿನ್ ಡಬ್ಬಿ ತಂದ. ಅವನ ಅಪ್ಪನದು ಅಲ್ ಮುರಕ್ಕಬಾತಿನಲ್ಲಿ ಹೋಟೆಲು. ಅಜ್ಜಿ ಊರಿಂದ ಬಂದಿದ್ದರು. ಅವನು ಕ್ಲಾಸಿನ ಮುಂದೆ ನಿಂತು ವಿವರಿಸಿದ: "ಫಸ್ಟ್ ನೆನೆಸ್ಬೇಕು. ಮತ್ತೆ ಮೊಳಕೆ ಬರ್ತದೆ. ಮತ್ತೆ ಅಜ್ಜಿ ಒಗ್ಗರಣೆ ಹಾಕ್ತಾರೆ."

ಡಬ್ಬಿಯಲ್ಲಿ ಉಸ್ಲಿ, ಮೇಲೆ ತೆಂಗಿನತುರಿ. ಇಡೀ ಕ್ಲಾಸಿನಲ್ಲಿ ಕೊನೆಮುಟ್ಟಿದ ಪ್ರಯೋಗ ಅದೊಂದೇ. ಒಂದು ಚಮಚ ತಿಂದು ನೋಡಿ ಪೂರ್ತಿ ಅಂಕ ಕೊಟ್ಟೆ. ಉಪ್ಪು ಸ್ವಲ್ಪ ಕಡಿಮೆ ಇತ್ತು, ಅದನ್ನು ಷರಾದಲ್ಲಿ ಬರೆದೆ.

ರಿಹರ್ಸಲ್

ಇನ್‌ಸ್ಪೆಕ್ಟರುಗಳು ಮಕ್ಕಳ ಪಕ್ಕದಲ್ಲೇ ಕೂತು ಎರಡು ಪ್ರಶ್ನೆ ಕೇಳುತ್ತಾರಂತೆ. ಏನು ಕಲಿಯುತ್ತಿದ್ದೀಯ? ಯಾಕೆ ಕಲಿಯುತ್ತಿದ್ದೀಯ? ಉತ್ತರಗಳನ್ನು ಮೇಡಂ ಮೊದಲೇ ಬರೆದು ಕೊಟ್ಟಿದ್ದರು. ಆರು ವರ್ಷದ ಮಗು ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದದ ಉತ್ತರಗಳು. ಮೂರು ವಾರ ಬೆಳಿಗ್ಗೆ ಬೆಳಿಗ್ಗೆ ಅದನ್ನೇ ಬಾಯಿಪಾಠ ಮಾಡಿಸಿದೆ.

ಒಂದು ದಿನ ಮೇಡಮ್ಮೇ ಇನ್‌ಸ್ಪೆಕ್ಟರ್ ಆಗಿ ಬಂದರು. ಕೋಟು, ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ಪರಿಚಯವಿಲ್ಲದ ನಗು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕಷ್ಟಪಟ್ಟು ಕೂತು ಒಬ್ಬ ಹುಡುಗಿಯನ್ನು ಕೇಳಿದರು, "ಏನು ಕಲಿಯುತ್ತಿದ್ದೀಯ ಪುಟ್ಟಿ?"

"ಇನ್‌ಸ್ಪೆಕ್ಷನ್."

"ಯಾಕೆ ಕಲಿಯುತ್ತಿದ್ದೀಯ?"

"ಮಿಸ್ ಊರಿಗೆ ಹೋಗಬಾರದು ಅಂತ. ಮಮ್ಮಿ ಹೇಳಿದ್ದಾರೆ."

ಆ ವಾಟ್ಸಾಪ್ ಗುಂಪನ್ನು ಅಷ್ಟು ದಿನ ಮನಸ್ಸಿನಲ್ಲೇ ಬೈದಿದ್ದಕ್ಕೆ ನನಗೆ ನಾಚಿಕೆಯಾಯಿತು. ಮೇಡಂ ಎದ್ದು, ಕೋಟು ಸರಿಪಡಿಸಿಕೊಂಡು ನನಗೆ ಹೇಳಿದರು:

"ಉತ್ತರ ಸರಿ ಇದೆ. ಪೂರ್ಣ ವಾಕ್ಯದಲ್ಲಿ ಹೇಳಿಸಿ."

ಎಡಗೈ

ಇನ್ನು ಉಳಿದದ್ದು ಗೋಡೆಯ ಬೋರ್ಡು. "ನನ್ನ ಮನೆ" ಎಂಬ ವಿಷಯಕ್ಕೆ ಮಕ್ಕಳಿಂದ ಚಿತ್ರ ಬರೆಯಿಸಿ ಅಂಟಿಸಿದ್ದೆ. ಅರ್ಧದಷ್ಟು ಮಕ್ಕಳು ಲಿಫ್ಟ್ ಬರೆದಿದ್ದರು, ಒಬ್ಬ ಬರೀ ಪಾರ್ಕಿಂಗ್. ಮೇಡಂ ನೋಡಿ, "ಬಣ್ಣ ಗೆರೆ ದಾಟಿದೆ. ಇದನ್ನು ಮಕ್ಕಳ ಕೆಲಸ ಎಂದು ಹೇಗೆ ತೋರಿಸುವುದು?" ಅಂದರು.

ಮನೆಗೆ ತಂದು ನಾನೇ ಇಪ್ಪತ್ನಾಲ್ಕನ್ನೂ ಚೆಂದಕ್ಕೆ ಬರೆದೆ. ಅದೂ ವಾಪಸು ಬಂತು. "ಇಷ್ಟು ಚೆನ್ನಾಗಿದ್ದರೆ ಅನುಮಾನ ಬರುತ್ತದೆ. ಸ್ವಲ್ಪ ಹಾಳು ಮಾಡಿ."

ಹಾಳು ಮಾಡುವುದು ಹೇಗೆ? ನಮ್ಮ ಸ್ಟಾಫ್‌ರೂಮಿನಲ್ಲಿ ಇದಕ್ಕೊಂದು ಹಳೆಯ ಪದ್ಧತಿ ಇದೆ: ಎಡಗೈಯಲ್ಲಿ ಬರೆಯುವುದು. ಶನಿವಾರ ಊಟವಾದ ಮೇಲೆ ನಾನೂ ಗಂಡನೂ ನೆಲದ ಮೇಲೆ ಕೂತೆವು. ಅವರ ಪಾಲಿಗೆ ಹನ್ನೆರಡು ಹಾಳೆ, ಹನ್ನೆರಡು ಹೆಸರು. ಅವರ ಕೈ ನಿಧಾನವೆಂದು ನಾನು ಎರಡೆರಡು ಸಲ ಗದರಿಸಿದೆ.

"ಎಂತ ಮಾರಾಯ್ತಿ, ಎಡಗೈಯಲ್ಲಿ ಇಷ್ಟೇ ಬರುದು" ಎಂದು ಅವರು ಗೊಣಗಿದರು. ಕೆಲಸ ಮುಗಿದ ಮೇಲೂ ಒಂದು ಹಾಳೆ ಮಿಕ್ಕಿತ್ತು. ನಾನು ಅಡುಗೆಮನೆಗೆ ಹೋದೆ. ಅವರು ಬೇಜಾರಿಗೆ ಇನ್ನೊಂದು ಚಿತ್ರ ಗೀಚಿ, ಅಭ್ಯಾಸಬಲದಿಂದ ಕೆಳಗೆ ತಮ್ಮದೇ ಹೆಸರು ಬರೆದು ಕಟ್ಟಿನಲ್ಲಿ ಸೇರಿಸಿದರು. ಸೋಮವಾರ ಆಯಾ ಅಷ್ಟನ್ನೂ ಬೋರ್ಡಿಗೆ ಚುಚ್ಚಿದಳು. ನನಗೆ ಒಮ್ಮೆ ಕಣ್ಣು ಹಾಯಿಸಲೂ ಪುರುಸೊತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಬಂದರು. ಎತ್ತರದ, ಮೆಲು ಮಾತಿನ ಬಿಳಿ ಹೆಂಗಸು. ನನ್ನ ಪಾಠ ಕೇಳಿದರು, ಮಕ್ಕಳನ್ನು ಕೇಳಿದರು, ಮುಖದಲ್ಲಿ ಏನೂ ತೋರಿಸಲಿಲ್ಲ. ಬೋರ್ಡಿನ ಇಪ್ಪತ್ನಾಲ್ಕು ಚಿತ್ರಗಳನ್ನು ದಾಟಿ ಇಪ್ಪತ್ತೈದನೆಯದರ ಮುಂದೆ ನಿಂತುಬಿಟ್ಟರು. ನಾನೂ ಆಗಲೇ ಅದನ್ನು ನೋಡಿದ್ದು. ಬಾಗಿಲಿಲ್ಲದ ಒಂದು ಮನೆ. ಹಾಳೆಯ ತುಂಬ ಒಬ್ಬ ಹೆಂಗಸು, ತೆರೆದ ಬಾಯಿ, ಕೈಯಲ್ಲಿ ಕೆಂಪು ಪೆನ್ನು. ಕೆಳಗಿನ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಗಂಡಸು. ಅವನಿಗೆ ಕೈಗಳೇ ಇರಲಿಲ್ಲ.

"ಈ ಮಗು ಯಾರು?"

ಕೆಳಗಿದ್ದದ್ದು ನನ್ನ ಗಂಡನ ಹೆಸರು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ನಿಜ ಹೇಳಿದರೆ ಈಗಲೇ ಹೋಗುತ್ತದೆ. "ಇವತ್ತು ಬಂದಿಲ್ಲ" ಅಂದೆ.

"ಹುಷಾರಿಲ್ಲವೇ?"

"ಹಾಗೇನಿಲ್ಲ. ಕೆಲವು ತಿಂಗಳಿಂದ ಮನೆಯಲ್ಲೇ ಇದ್ದಾರೆ... ಇದ್ದಾನೆ."

"ಬೇಸರದಲ್ಲಿದ್ದಾನೆಯೇ?"

"ಸ್ವಲ್ಪ."

"ಗೆಳೆಯರು?"

"ಮೊದಲು ತುಂಬಾ ಜನ ಇದ್ದರು. ಈಗ ಒಬ್ಬಿಬ್ಬರು ಫೋನ್ ಮಾಡುತ್ತಾರೆ."

ಹೇಳಿದ್ದೆಲ್ಲ ಸತ್ಯವೇ. ಇನ್‌ಸ್ಪೆಕ್ಟರ್ ಕಣ್ಣಲ್ಲಿ ನೀರು ಬಂತು. ಹಾಳೆಯ ಹೆಂಗಸನ್ನು ಬೆರಳಲ್ಲಿ ತೋರಿಸಿ, "ಪಾಪ, ಈ ತಾಯಿಗೆ ತುಂಬಾ ಹೆದರುತ್ತಾನೆ" ಎಂದು ಪಿಸುಗುಟ್ಟಿದರು. ನಾನು ಕೈಯಲ್ಲಿದ್ದ ಕೆಂಪು ಪೆನ್ನನ್ನು ಬೆನ್ನ ಹಿಂದೆ ಸರಿಸಿದೆ.

ವರದಿ ಬಂತು. ಬೇರೆಲ್ಲ ಕ್ಲಾಸಿನ ಬೋರ್ಡುಗಳು ಅತಿಯಾಗಿ ಒಪ್ಪವಾಗಿದ್ದವಂತೆ. ಒಂದು ಕ್ಲಾಸಿನಲ್ಲಿ ಮಾತ್ರ ನೊಂದ ಮಗುವಿನ ಪ್ರಾಮಾಣಿಕ ಚಿತ್ರವನ್ನು ಟೀಚರು ಧೈರ್ಯವಾಗಿ ಹಾಕಿದ್ದರಂತೆ. ನನ್ನ ಕಾಂಟ್ರಾಕ್ಟ್ ಮುಂದುವರಿಯಿತು. ವರದಿಯ ಕೊನೆಯಲ್ಲಿ ಒಂದು ಸಾಲು: ಈ ಮಗುವಿಗೆ ವಿಶೇಷ ಗಮನ ಕೊಡಬೇಕು, ಮುಂದಿನ ಭೇಟಿಯಲ್ಲಿ ಪ್ರಗತಿ ತೋರಿಸಬೇಕು.

"ಮೇಡಂ, ಆ ಹೆಸರಿನ ಮಗು ನಮ್ಮಲ್ಲಿ ಇಲ್ಲ" ಅಂದೆ.

"ವರದಿಯಲ್ಲಿ ಇದೆಯಲ್ಲ" ಅಂದರು ಮೇಡಂ. "ಹಾಗಾದರೆ ಇರಲೇಬೇಕು. ಫೈಲ್ ತೆರೆಯಿರಿ. ವಾರಕ್ಕೊಂದು ಚಿತ್ರ ಹಾಕಿ. ಸುಧಾರಣೆ ಕಾಣಬೇಕು."

ಹಾಗೆ ನನ್ನ ಗಂಡ ಒಂದನೇ ಕ್ಲಾಸಿಗೆ ಸೇರಿದರು. ಪ್ರತಿ ಶನಿವಾರ ಎಡಗೈಯಲ್ಲಿ ಚಿತ್ರ ಬರೆಯತೊಡಗಿದರು. ಎರಡನೇ ವಾರ ಮನೆಗೆ ಬಾಗಿಲು ಬಂತು. ಮೂರನೇ ವಾರ ಗಂಡಸಿಗೆ ಒಂದು ಕೈ ಬಂತು. ಹೆಂಗಸು ಮಾತ್ರ ಒಂದಿಂಚೂ ಕಡಿಮೆಯಾಗಲಿಲ್ಲ.

ನಗು ತಡೆಯಲಾಗದೆ ಉಡುಪಿಯಲ್ಲಿದ್ದ ಅತ್ತೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ನಗಲೇ ಇಲ್ಲ.

"ಅದು ಹೊಸತೆಂತದ್ದೂ ಅಲ್ಲ ಮಗಾ" ಅಂದರು. "ಅವ ಒಂದನೇ ಕ್ಲಾಸಲ್ಲಿ ಇರುವಾಗ ಸಹ ಟೀಚರು ನನ್ನನ್ನು ಶಾಲೆಗೆ ಕರೆಸಿದ್ರು. ಹೀಗೇ ಒಂದು ಚಿತ್ರ. ಇಡೀ ಹಾಳೆಗೆ ಒಂದೇ ಹೆಂಗಸು, ಇಷ್ಟು ದೊಡ್ಡ ಬಾಯಿ." ಅವರೊಂದು ದೊಡ್ಡ ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು.

"ಆಗ ಆ ಹೆಂಗಸು ನಾನಾಗಿದ್ದೆ. ಈಗ ನೀನು ಬಂದಿಯಲ್ಲ, ನನಗೆ ಸಮಾಧಾನ ಆಯ್ತು."