ಉಸಿರಾಡುವ ಜಾಕೆಟ್ಟಿಗೆ ಸೋಡಾ ನೀರು

ತನ್ನ ಕಸುಬು ತನಗೆ ಗೊತ್ತು ಎಂಬ ಹೆಮ್ಮೆಯಷ್ಟು ಮನುಷ್ಯನನ್ನು ಕೆಡಿಸುವ ವಸ್ತು ಬೇರೊಂದಿಲ್ಲ ಎಂಬುದು ನನಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು. ಇನ್ನೂ ಮೊದಲೇ ತಿಳಿಯಬೇಕಿತ್ತು. ಅಡುಗೆ ಬಲ್ಲವರು ಕಂಡವರ ಮನೆಯ ಸಾರಿನಲ್ಲಿ ಉಪ್ಪು ಕಡಿಮೆ ಎನ್ನುವುದನ್ನೂ, ಮಾಸ್ತರರು ಮದುವೆಯ ಕರೆಯೋಲೆಯಲ್ಲಿ ಕಾಗುಣಿತ ತಿದ್ದುವುದನ್ನೂ ನೋಡಿ ನಕ್ಕವನು ನಾನು. ನನ್ನ ರೋಗ ಅದಕ್ಕಿಂತ ಕೆಟ್ಟದ್ದು. ನಾನು ಕಂಡವರ ಬಟ್ಟೆಯನ್ನು ಮುಟ್ಟಿ ನೋಡುತ್ತೇನೆ.

ಮಗ್ಗಗಳ ಊರಾದ ಇಚಲಕರಂಜಿಯ ಒಂದು ಬಟ್ಟೆ ಪೇಢಿಯಲ್ಲಿ, ಅಂದರೆ ಸಗಟು ವ್ಯಾಪಾರದ ಅಂಗಡಿಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ನನ್ನದು ತಪಾಸಣೆಯ ಕೆಲಸ. ಊರಿನ ಸಣ್ಣ ಮಗ್ಗದವರು ನೇಯ್ದು ತರುವ ಉದ್ದನೆಯ ಬಟ್ಟೆಗೆ ನಮ್ಮಲ್ಲಿ ತಾಗಾ ಎನ್ನುತ್ತೇವೆ. ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಆ ತಾಗಾವನ್ನು ಎಳೆಯುತ್ತ, ಎಲ್ಲಿ ಎಳೆ ಹರಿದಿದೆ, ಎಲ್ಲಿ ಎಣ್ಣೆಯ ಕಲೆಯಿದೆ ಎಂದು ಹುಡುಕಬೇಕು. ನಾನು ಹೂಂ ಅಂದರೆ ತಾಗಾ ಪೇಢಿಯ ಒಳಗೆ, ಊಹೂಂ ಅಂದರೆ ಮಗ್ಗದವನ ಹೆಗಲೇರಿ ವಾಪಸು. ಕಣ್ಣಿಗಿಂತ ನನಗೆ ಬೆರಳಿನ ಮೇಲೆ ನಂಬಿಕೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಬಟ್ಟೆ ಬಂತೆಂದರೆ ಅದರ ಜಾತಕ ಹೇಳಿಬಿಡುತ್ತೇನೆ. ಒಮ್ಮೆ ಗಡಹಿಂಗ್ಲಜದ ಮದುವೆಯಲ್ಲಿ ಪಕ್ಕದಲ್ಲಿ ಕುಳಿತ ಬೀಗರ ಶಾಲನ್ನು ಅಕ್ಷತೆ ಬೀಳುವವರೆಗೂ ಉಜ್ಜುತ್ತ ಕುಳಿತಿದ್ದೆ. ಅವರು ಪಾಪ, ನನಗೆ ಚಳಿಯಾಗಿದೆ ಎಂದುಕೊಂಡು ಶಾಲನ್ನೇ ಹೊದಿಸಿದರು. ಅದು ಉಣ್ಣೆಯಲ್ಲ ಎಂದು ನಾನು ಅವರ ಕಿವಿಯಲ್ಲಿ ಹೇಳಿದೆ. ಆಮೇಲೆ ಆ ಮನೆಯಿಂದ ನಮಗೆ ಕರೆ ಬಂದಿಲ್ಲ.

ಇಂಥ ಬೆರಳುಗಳ ಒಡೆಯನಾದ ನಾನು ಕಳೆದ ಮಳೆಗಾಲದಲ್ಲಿ ಒಂದು ಜಾಕೆಟ್ಟು ಕೊಂಡೆ. ಕಾರಣ ನನ್ನ ಹೆಂಡತಿಯ ತಮ್ಮ ಬಸಗೊಂಡ. ಆಜರಾದ ಹತ್ತಿರ ಉತ್ತೂರಿನಲ್ಲಿ ಅವನ ಭತ್ತದ ಗದ್ದೆಗಳಿವೆ. ನಾಟಿಯ ವೇಳೆಗೆ ಪ್ರತಿ ವರ್ಷ ನಮ್ಮನ್ನು ಕರೆಯುತ್ತಾನೆ, ನಾನು ಪ್ರತಿ ವರ್ಷ ಹೋಗಿ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂಡುತ್ತೇನೆ. ಅಲ್ಲಿಯ ಮಳೆ ನನಗೆ ಆಗುವುದಿಲ್ಲ, ಎರಡು ಹನಿ ಬಿದ್ದರೆ ನೆಗಡಿ. ಅಕ್ಕನ ಗಂಡನಾದ ನನ್ನನ್ನು ಅವನು ಅಲ್ಲಿಯ ಪದ್ಧತಿಯಂತೆ ದಾಜಿ ಎಂದು ಕರೆಯುತ್ತಾನೆ. ದಾಜಿ ಸಕ್ಕರೆಯಿಂದ ಮಾಡಿದವರು, ಅವರನ್ನು ಹೊರಗೆ ಬಿಡಬೇಡಿ ಎಂದು ಅದರ ಹಿಂದಿನ ವರ್ಷ ನಾಟಿಯ ಹೆಂಗಸರೆಲ್ಲರ ಮುಂದೆ ಅವನು ಹೇಳಿದ್ದು ನನ್ನ ಮನಸ್ಸಿಗೆ ಹತ್ತಿತು. ಬರುವ ವರ್ಷ ನಿನಗಿಂತ ಮೊದಲು ಗದ್ದೆಗಿಳಿಯುತ್ತೇನೆ ಎಂದು ಪಂಥ ಕಟ್ಟಿದೆ.

ಆದ್ದರಿಂದ ಕಳೆದ ಸಲ ನಾಟಿಗೆ ಮೊದಲು ಹೆಂಡತಿಯೊಂದಿಗೆ ಕೊಲ್ಲಾಪುರಕ್ಕೆ ಹೋಗಿ, ಗುಡ್ಡ ಹತ್ತುವವರ ಸಾಮಾನು ಮಾರುವ ಒಂದು ದೊಡ್ಡ ಅಂಗಡಿಯನ್ನು ಹೊಕ್ಕೆ. ಕೌಂಟರಿನಲ್ಲಿ ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹುಡುಗಿ ಇದ್ದಳು, ಪದ್ಮಾ ಎಂದು ಎದೆಯ ಮೇಲೆ ಹೆಸರಿನ ಪಟ್ಟಿ. ನಾವು ಗಂಡಹೆಂಡಿರು ಮಾತಾಡುವುದು ಕೇಳಿ ಕನ್ನಡದಲ್ಲೇ ಬನ್ರಿ ಎಂದಳು. ಒಂದು ನೀಲಿ ಜಾಕೆಟ್ಟನ್ನು ಹರಡಿ ಅದರ ತೋಳಿನ ಮೇಲೆ ಒಂದು ಲೋಟ ನೀರು ಸುರಿದಳು. ನೀರು ಗುಂಡುಗುಂಡಾಗಿ ಉರುಳಿ ಹೋಯಿತು, ಬಟ್ಟೆ ಒಣಗಿದಂತೆಯೇ ಇತ್ತು.

"ಹೊರಗಿನ ನೀರ ಒಳಗ ಬರೂದಿಲ್ರಿ ಕಾಕಾ, ಒಳಗಿನ ಬೆವರ ಮಾತ್ರ ಹೊರಗ ಹೋಗ್ತೈತ್ರಿ. ಉಸಿರಾಡೂ ಅರಿವಿ ಇದು," ಅಂದಳು.

ಒಳಗಿನಿಂದ ಹೊರಗೆ ಬಿಟ್ಟು ಹೊರಗಿನಿಂದ ಒಳಗೆ ಬಿಡದ ತೂತು ಯಾವುದಿದ್ದೀತು ಎಂದು ನಾನು ಬಹಳ ಜಾಣ ಪ್ರಶ್ನೆ ಕೇಳಿದೆ. ಬೆವರು ಆವಿಯಾಗಿ ಹೋಗುತ್ತದೆ, ಮಳೆ ಹನಿಯಾಗಿ ಬರುತ್ತದೆ, ತೂತು ಆವಿಗೆ ಸಾಕಾಗುವಷ್ಟು ದೊಡ್ಡದು, ಹನಿಗೆ ಸಾಲದಷ್ಟು ಸಣ್ಣದು ಎಂದು ಅವಳು ತಾಳ್ಮೆಯಿಂದ ತಿಳಿಸಿದಳು. ಮೇಲ್ಮೈಗೆ ಒಂದು ತೆಳು ಲೇಪವಿದೆ, ಒಗೆಯುವಾಗ ಸೋಡಾ ಹಾಕಬೇಡಿ, ಬಿಸಿ ನೀರು ಹಾಕಬೇಡಿ, ಒಳಗೆ ಚೀಟಿ ಹೊಲಿದಿದೆ ಓದಿಕೊಳ್ಳಿ ಎಂದೂ ಹೇಳಿದಳು. ನಾನು ಮುಗುಳ್ನಕ್ಕೆ. ಇಚಲಕರಂಜಿಯವನಿಗೆ ಬಟ್ಟೆ ಒಗೆಯುವುದನ್ನು ಕಲಿಸುತ್ತಾಳಲ್ಲ ಎಂಬ ನಗು ಅದು. ಆ ನಗುವನ್ನು ನೆನೆದರೆ ಈಗ ನನಗೆ ಮೈ ಪರಚಿಕೊಳ್ಳಬೇಕು ಅನಿಸುತ್ತದೆ.

ನಮ್ಮೂರಿನ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಮಗ್ಗಕ್ಕೆ ಏರುವ ನೂಲಿಗೆ ಗಂಜಿ ಹಾಕಿರುತ್ತಾರೆ, ಹರಿಯದಿರಲಿ ಎಂದು. ಅದು ಗೊತ್ತಿದ್ದ ನಮ್ಮ ಮಂದಿ ಯಾವ ಹೊಸ ಬಟ್ಟೆಯನ್ನೂ ಗಂಜಿ ತೆಗೆಯದೆ ಮೈಗೆ ಹಾಕುವುದಿಲ್ಲ. ಬಿಸಿ ನೀರಿಗೆ ಸೋಡಾ ಹಾಕಿ ನೆನೆಸಿ ಕುಕ್ಕಿದ ಮೇಲೆಯೇ ಬಟ್ಟೆ ಬಟ್ಟೆಯಾಗುವುದು. ನನ್ನ ಮದುವೆಯ ಸೂಟಿಗೂ ನಮ್ಮ ತಂದೆ ಅದನ್ನೇ ಮಾಡಿದ್ದರು. ಮಂಟಪದಲ್ಲಿ ನಾನು ತಮ್ಮನ ಸೂಟು ಹಾಕಿಕೊಂಡ ಅಣ್ಣನ ಹಾಗೆ ನಿಂತಿದ್ದು ಫೋಟೋದಲ್ಲಿ ಇಂದಿಗೂ ಇದೆ. ಅದರಿಂದಲೂ ನಾನು ಕಲಿಯಲಿಲ್ಲ. ಭಾನುವಾರ ಮಧ್ಯಾಹ್ನ ಬಕೆಟ್ಟಿನಲ್ಲಿ ಕುದಿಯುವ ನೀರು ಹಾಕಿ, ಎರಡು ಮುಷ್ಟಿ ಸೋಡಾ ಸುರಿದು, ಜಾಕೆಟ್ಟನ್ನು ಮುಳುಗಿಸಿದೆ. ನನ್ನ ಹೆಂಡತಿ ಮಹಾದೇವಿ ಬಾಗಿಲಲ್ಲಿ ನಿಂತು ಆ ಚೀಟಿಯನ್ನಾದರೂ ಓದಿ ಎಂದಳು. ಚೀಟಿ ಬರೆದವನು ಮಗ್ಗ ನೋಡಿದ್ದಾನೆಯೇ ಎಂದು ಕೇಳಿದೆ. ಒಂದು ತಾಸು ಕುಕ್ಕಿ, ಬಿಳಿ ನೊರೆ ಬಂದದ್ದನ್ನು ತೋರಿಸಿ, ನೋಡು ಎಷ್ಟು ಗಂಜಿ ಇತ್ತು ಎಂದೆ. ಆ ಬಟ್ಟೆಯಲ್ಲಿ ಗಂಜಿಯ ಹೆಸರೂ ಇರಲಿಲ್ಲ. ಹೋದದ್ದು ಲೇಪ.

ಉತ್ತೂರಿನಲ್ಲಿ ನಾಟಿಯ ದಿನ ಮಳೆ ಹಿಡಿದದ್ದು ಬಿಡಲಿಲ್ಲ. ಬಸಗೊಂಡ ತಲೆಯ ಮೇಲಿಂದ ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿದ್ದ. ನಾನು ನೀಲಿ ಜಾಕೆಟ್ಟಿನಲ್ಲಿ ಇಳಿದೆ. ಕಾಲು ತಾಸು ಭೇಷಾಗಿತ್ತು. ಆಮೇಲೆ ಹೆಗಲು ತಣ್ಣಗಾಯಿತು, ಬೆನ್ನು ತಣ್ಣಗಾಯಿತು, ತೋಳಿನೊಳಗೆ ಏನೋ ಇಳಿಯತೊಡಗಿತು. ಹೊರಮೈ ನೀರು ಕುಡಿದು ಒದ್ದೆ ಗೋಣಿಯಷ್ಟು ಭಾರವಾಗಿತ್ತು. ಇದು ಮಳೆಯೋ, ಬೆವರೋ? ತಪಾಸಣೆ ಮಾಡುವವನಿಗೆ ಇದು ಗೊತ್ತಾಗಲೇಬೇಕು. ಯಾರೂ ನೋಡುತ್ತಿಲ್ಲ ಎಂದುಕೊಂಡು ಬದುವಿಗೆ ಬಂದು, ತೋಳು ಮೇಲೆ ಸರಿಸಿ ನನ್ನ ಕೈಯನ್ನು ನಾನೇ ನೆಕ್ಕಿದೆ. ಉಪ್ಪಾದರೆ ಬೆವರು, ಸಪ್ಪೆಯಾದರೆ ಮಳೆ. ಮೊಣಕೈ ಹತ್ತಿರ ಉಪ್ಪು, ಮಣಿಕಟ್ಟಿನ ಹತ್ತಿರ ಸಪ್ಪೆ. ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ನೆಕ್ಕುವಾಗ ಕಣ್ಣೆತ್ತಿದರೆ ನಾಟಿಯ ಸಾಲಿನ ಹೆಂಗಸರೆಲ್ಲ ಬಗ್ಗಿದ ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತಿದ್ದರು.

"ದಾಜಿ, ಹೊರಗೂ ನೀರ, ಗಾಳ್ಯಾಗೂ ನೀರ. ಒಳಗಿನ ಬೆವರ ಎಲ್ಲಿಗೆ ಹೋಗಬೇಕ್ರಿ ಪಾಪ?" ಅಂದ ಬಸಗೊಂಡ.

ಇಷ್ಟು ಸರಿಯಾದ ಮಾತನ್ನು ಆ ಜಾಕೆಟ್ಟಿನ ಬಗ್ಗೆ ಯಾರೂ ಹೇಳಿರಲಿಲ್ಲ. ಒಣ ಹವೆಯ ಊರಿನಲ್ಲಿ ಅದು ಉಸಿರಾಡೀತು. ಆಜರಾದ ಆಷಾಢದಲ್ಲಿ ಮನುಷ್ಯರಿಗೇ ಉಸಿರಾಡುವುದು ಕಷ್ಟ. ಅವನ ಕಂಬಳಿಯೂ ಒದ್ದೆಯಾಗುತ್ತದೆ, ಕುರಿಯ ವಾಸನೆ ಬೇರೆ, ಆದರೆ ಒಳಗೆ ಬೆಚ್ಚಗಿರುತ್ತದೆ. ಅದರ ಮೇಲೆ ಯಾವ ಚೀಟಿಯನ್ನೂ ಹೊಲಿದಿಲ್ಲ. ನಾನು ಸೋಡಾದ ಸಂಗತಿಯನ್ನು ಮಾತ್ರ ಬಾಯಿ ಬಿಡದೆ, ಕೊಲ್ಲಾಪುರದವರು ಮೋಸ ಮಾಡಿದರು ಎಂದು ಸಾರಿದೆ. ಮೂರು ದಿನ ನೆಗಡಿ ಬಂತು.

ಇಲ್ಲಿಯವರೆಗಿನದು ನಗುವ ಸಂಗತಿ. ಮುಂದಿನದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ನಾನು ಮಹಾದೇವಿಯೊಂದಿಗೆ ಆ ಅಂಗಡಿಗೆ ವಾಪಸು ಹೋಗಿ, ಜಾಕೆಟ್ಟನ್ನು ಕೌಂಟರಿನ ಮೇಲೆ ಎಸೆದು, ಇದು ಸೋರುತ್ತದೆ ಎಂದು ದನಿ ಏರಿಸಿದೆ. ಪದ್ಮಾ ಅದನ್ನು ತಿರುಗಿಸಿ ನೋಡಿದಳು, ಒಳಮಗ್ಗುಲನ್ನು ಮೂಗಿನ ಹತ್ತಿರ ಹಿಡಿದಳು. ತೊಳೆದೀರೇನ್ರಿ ಕಾಕಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ನೀರಿಗೇ ಹಾಕಿಲ್ಲ ಎಂದೆ. ಅಷ್ಟು ಹಗುರಾಗಿ ಸುಳ್ಳು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ನಾನು ಇಪ್ಪತ್ತೆರಡು ವರ್ಷ ಬಟ್ಟೆ ತಪಾಸಣೆ ಮಾಡಿದವನು, ಇಂಥ ಪೇಢಿಯವನು ಎಂದು ಪೇಢಿಯ ಹೆಸರನ್ನೂ ಹೇಳಿದೆ. ಹುಡುಗಿ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಹೆಸರು ಕೇಳಿ ಬೆರಗಾದಳು ಎಂದು ನಾನು ತಿಳಿದೆ. ಅಷ್ಟರಲ್ಲಿ ಮಾಲೀಕರು ಬಂದರು. ಪೀಸೇ ಖರಾಬಿತ್ತು, ಕೊಡುವಾಗ ನಾನು ಸರಿಯಾಗಿ ನೋಡಲಿಲ್ಲ ಎಂದು ಅವಳು ಮರಾಠಿಯಲ್ಲಿ ಹೇಳಿದಳು. ಅವರು ಗಿರಾಕಿಗಳೆಲ್ಲರ ಮುಂದೆ ಅವಳನ್ನು ಬೈದು, ನನ್ನ ಕ್ಷಮೆ ಕೇಳಿ, ಹೊಸ ಜಾಕೆಟ್ಟು ಕೊಟ್ಟರು. ನಾನು ತೆಗೆದುಕೊಂಡೆ. ಮರಳುವ ಬಸ್ಸು ಹಾತಕಣಂಗಲೆ ದಾಟಿತು. ಮಹಾದೇವಿ ಕಿಟಕಿಯ ಕಡೆ ನೋಡುತ್ತ, "ಆ ಹುಡುಗಿಗೆ ಗೊತ್ತಾಗಿತ್ರಿ," ಎಂದಳು.

ಎರಡು ವಾರದ ಮೇಲೆ ಅಣ್ಣಪ್ಪ ತಾಗಾ ಹೊತ್ತು ಪೇಢಿಗೆ ಬಂದ. ನಾಲ್ಕು ಮಗ್ಗಗಳ ಮನುಷ್ಯ, ಮಾತು ಕಡಿಮೆ, ಬಟ್ಟೆ ಚೊಕ್ಕ. ಅವತ್ತು ಅವನು ತಾನಾಗಿ ಮಾತು ತೆಗೆದ. ಸಾಹೇಬರು ನಮ್ಮ ಹುಡುಗಿಯ ಅಂಗಡಿಗೆ ಹೋಗಿದ್ದಿರಂತಲ್ಲ, ಜಾಕೆಟ್ಟು ಈಗ ಚೆನ್ನಾಗಿದೆಯೇ ಎಂದು ಕೇಳಿದ. ಯಾವ ಹುಡುಗಿ ಎಂದೆ. ನನ್ನ ಮಗಳು ಪದ್ಮಾ ಎಂದ. ಅವಳನ್ನು ಕೌಂಟರಿನಿಂದ ತೆಗೆದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಲು ಹಾಕಿದ್ದಾರೆ, ಏನೋ ತಪ್ಪು ಮಾಡಿದಳಂತೆ ಎಂದು, ಮಳೆ ಬೆಳೆಯ ಮಾತಾಡುವ ದನಿಯಲ್ಲೇ ಹೇಳಿದ. ನನ್ನ ಬೆರಳು ಅವನ ತಾಗಾದ ಮೇಲಿತ್ತು. ಕೆಳಗಿನ ದೀಪದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಎರಡು ಎಳೆ ಹರಿದು ಮಾರುದ್ದ ಹಾಗೇ ಓಡಿತ್ತು. ಬೇರೆ ದಿನವಾಗಿದ್ದರೆ ವಾಪಸು. ನಾನು ಹೂಂ ಎಂದುಬಿಟ್ಟೆ. ಇದು ದಯೆ ಎಂದು ನನಗೆ ನಾನೇ ಹೇಳಿಕೊಂಡೆ. ಅಣ್ಣಪ್ಪ ನನ್ನ ಬೆರಳನ್ನೂ ಮುಖವನ್ನೂ ನೋಡಿ, ಖಾಲಿ ಹೆಗಲಲ್ಲಿ ಹೋದ.

ಮುಂದಿನ ಭಾನುವಾರ ಒಬ್ಬನೇ ಕೊಲ್ಲಾಪುರಕ್ಕೆ ಹೋದೆ. ಹೊಸ ಜಾಕೆಟ್ಟನ್ನು ಮಾಲೀಕರ ಮುಂದಿಟ್ಟು, ಮೊದಲಿನದನ್ನು ನಾನೇ ಸೋಡಾದಲ್ಲಿ ಕುಕ್ಕಿದೆ, ಹುಡುಗಿ ಬೇಡವೆಂದಿದ್ದಳು, ಸುಳ್ಳು ಹೇಳಿದವನು ನಾನು ಎಂದೆ. ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಮರಾಠಿ ಅಲ್ಲಿ ಅರ್ಧ ಮರೆತುಹೋಗಿ, ಮಾಲೀಕರು ಎರಡು ಸಲ ಹೇಳಿಸಿಕೊಂಡರು. ನಾಚಿಕೆಯ ಮಾತನ್ನು ಎರಡನೆಯ ಸಲ ಹೇಳುವುದು ಭಾಳ ಕಠಿಣ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾಳೆಯಿಂದ ಕೌಂಟರಿಗೆ ಬಾ ಎಂದು ಪದ್ಮಾಳಿಗೆ ಹೇಳಿ ಕಳಿಸಿ, ನಿಮ್ಮ ಹಳೆಯದು ಗೋದಾಮಿನಲ್ಲಿದೆ, ಒಯ್ಯಿರಿ ಎಂದರು.

ಗೋದಾಮಿನಲ್ಲಿ ಪದ್ಮಾ ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತು ಪಟ್ಟಿ ಅಂಟಿಸುತ್ತಿದ್ದಳು. ಹಳೆಯ ಜಾಕೆಟ್ಟನ್ನು ಮಡಚಿ ನನ್ನ ಕೈಗಿತ್ತಳು. ತೊಳೆದದ್ದು ನಿನಗೆ ಗೊತ್ತಾಗಿತ್ತೇನವ್ವಾ ಎಂದು ಕೇಳಿದೆ. ಸೋಡಾದ ವಾಸನೆ ತನಗೆ ಗೊತ್ತಾಗದೆ ಇರುತ್ತದೆಯೇ, ತಾನೂ ಇಚಲಕರಂಜಿಯವಳೇ ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದೆ.

"ನಮ್ಮಪ್ಪನ ತಾಗಾ ನೋಡವ್ರ ನೀವ ಅಲ್ಲೇನ್ರಿ ಕಾಕಾ," ಅಂದಳು.

ಬೇರೆ ಪೆಟ್ಟಿಗೆ ಹತ್ತಿರ ಎಳೆದುಕೊಳ್ಳುತ್ತ ಅವಳು ಇನ್ನೊಂದು ಮಾತು ಹೇಳಿದಳು.

"ಹರದ ತಾಗಾ ಪಾಸ್ ಮಾಡಿದ್ರಂತ. ಅಪ್ಪ ಅವತ್ತ ಉಣ್ಣಲಿಲ್ರಿ. ಸಾಹೇಬ್ರ ಹಿಂಗ್ಯಾಕ ಮಾಡಿದ್ರು, ನಾ ಏನ ಕೇಳಿದ್ನೇನು ಅಂದ."

ಈಗ ಅಣ್ಣಪ್ಪನ ತಾಗಾ ಬಂದರೆ ಒಂದೊಂದು ಎಳೆಯನ್ನೂ ನೋಡುತ್ತೇನೆ. ಹೋದ ತಿಂಗಳು ಒಂದು ಎಣ್ಣೆಯ ಕಲೆ ಸಿಕ್ಕಿತು, ಊಹೂಂ ಎಂದೆ. ಅವನು ಕಲೆಯನ್ನು ತಾನೂ ಬಗ್ಗಿ ನೋಡಿ, ಖರೇ ಐತ್ರಿ ಎಂದು ಒಪ್ಪಿ, ತಾಗಾ ಹೆಗಲಿಗೇರಿಸಿಕೊಂಡು ಹೋದ. ಎಷ್ಟೋ ದಿನಗಳ ಮೇಲೆ ಅವತ್ತು ನನ್ನ ಊಟ ರುಚಿಸಿತು. ಬೀಗರ ಶಾಲು ಮುಟ್ಟುವುದನ್ನೂ ಬಿಟ್ಟಿದ್ದೇನೆ.

ಹಳೆಯ ಜಾಕೆಟ್ಟನ್ನು ಮಾತ್ರ ಮಳೆ ಬಂದಾಗ ಹಾಕಿಕೊಳ್ಳುತ್ತೇನೆ, ಮಹಾದೇವಿ ಬೇಡವೆಂದರೂ. ಪೇಢಿ ಮುಟ್ಟುವಷ್ಟರಲ್ಲಿ ಒಳಗೆಲ್ಲ ಒದ್ದೆ. ಇದು ಮಳೆಯೋ ಬೆವರೋ ಎಂದು ಗೆಳೆಯರು ಕೇಳಿ ನಗುತ್ತಾರೆ. ಅಣ್ಣಪ್ಪ ಮಗ್ಗದ ಬಾಗಿಲಲ್ಲಿ ನಿಂತು ನಮಸ್ಕಾರ ಮಾಡುವ ಓಣಿಯಿಂದಲೇ ನಾನು ದಿನಾ ಬರಬೇಕು. ನೆಕ್ಕಿ ನೋಡುವ ಅಗತ್ಯ ನನಗೆ ಈಗ ಬೀಳುವುದಿಲ್ಲ. ಅದು ಉಪ್ಪೇ ಎಂದು ಗೊತ್ತಿದೆ.