ಕಣ್ಣು ಮಿಟುಕಿಸುವ ಮೀಟರು

ಬೆಟಗೇರಿಯಲ್ಲಿ ಮೂವತ್ತು ವರ್ಷ ಬಟ್ಟೆ ಅಳೆದವನು ನಾನು; ಜುಜುಬಿ ಕರೆಂಟು ಅಳೆಯಲಾರೆನೆ? ಹಳೆಯ ಮನೆಯನ್ನು ರಿಪೇರಿಗೆ ತೆಗೆದಿದ್ದೆವು. ಮೇಲಿನ ಕೋಣೆಯಲ್ಲಿ ನನ್ನ ಹೆಂಡತಿ ಸಬೀನಾಳ ಹೊಲಿಗೆ ಕ್ಲಾಸು, ಶುಕ್ರವಾರ ಶುರು. ಮೋಟಾರಿನ ಮಷಿನ್ ಆರು, ಹೆಸರು ಬರೆಸಿದ ಹುಡುಗಿಯರೂ ಆರು!

"ಹಳೇ ಬೋರ್ಡ್ ಐತ್ರಿ. ಈಗಿರೋ ಲೋಡ್ ಎಷ್ಟಂತ ನೋಡಿ, ಆಮ್ಯಾಲ ಮಷಿನ್ ಕೂಡಸೋಣ" ಎಂದ ವೈರ್‌ಮನ್ ಗವಿಸಿದ್ದೇಶ.

"ನೀ ಸುಮ್ನ ಕುಂಡ್ರೋ, ಲೆಕ್ಕ ನಂದು!"

ನೋಟ್‌ಬುಕ್ ಹಿಡಿದು ಫ್ಯಾನು, ಟಿವಿ, ಮಿಕ್ಸರ್ ಎಲ್ಲದರ ವ್ಯಾಟ್ ಬರೆದುಕೊಂಡೆ. ಫ್ರಿಜ್ಜಿನ ಹಿಂದೆ ತೂರಿಸಿದ ತಲೆಯನ್ನು ಹೊರಗೆಳೆಯಲು ಸಬೀನಾಳೇ ಬರಬೇಕಾಯಿತು. ಇರಲಿ! ಲೆಕ್ಕದ ಪ್ರಕಾರ ಆರೂ ಮಷಿನ್ ನಡೆಯುತ್ತವೆ.

ಗವಿಸಿದ್ದೇಶ ಮನೆಯದೆಲ್ಲ ಚಾಲೂ ಮಾಡಿಸಿ, ಲೋಡ್ ಅಳೆಯುವ, ಚಿಮಟಾದಂಥ ಒಂದು ಸಾಮಾನನ್ನು ಮೇನ್ ವೈರಿಗೆ ಕಚ್ಚಿಸಿದ. "ಸಾಹೇಬ್ರ, ನಿಮ್ಮ ಲೆಕ್ಕಕ್ಕಿಂತ ಲೋಡ್ ಭಾಳ ಐತ್ರಿ. ಸದ್ಯಕ್ಕ ಮೂರ ಮಷಿನ್ ಹಾಕ್ರಿ."

ಸಬೀನಾಳ ಮುಖ ಬಾಡಿತು. "ಉಳಿದ ಮೂರು ಹುಡುಗ್ಯಾರಿಗೆ ಏನ್ ಹೇಳ್ಲಿ?"

ನಾನು ಗವಿಸಿದ್ದೇಶನತ್ತ ತಿರುಗಿದೆ. "ನಿನ್ನ ಚಿಮಟಾ ಸುಳ್ಳ ಹೇಳ್ತೈತಿ!" ಎಂದು ಎಲ್ಲ ಸ್ವಿಚ್ ಆರಿಸಿದೆ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ. ಆದರೂ ಬಾಗಿಲ ಪಕ್ಕದ ಮೀಟರಿನಲ್ಲಿ ಕರೆಂಟು ಖರ್ಚಾದರಷ್ಟೇ ಮಿನುಗುವ ಕೆಂಪು ದೀಪ ನನ್ನನ್ನೇ ನೋಡಿ ಕಣ್ಣು ಮಿಟುಕಿಸುತ್ತಿತ್ತು! ಗೋಡೆಯೊಳಗೆ ಎಲ್ಲೋ ಕರೆಂಟು ಸೋರುತ್ತಿದೆ, ಹೊಸ ಗಿಲಾವನ್ನೇ ಒಡೆಸುತ್ತೇನೆ ಎಂದು ಗುಡುಗಿದೆ.

"ತಡೀರಿ, ಮೊದ್ಲ ಫ್ಯೂಜ್ ತಗದು ನೋಡೋಣು" ಎಂದು ಗವಿಸಿದ್ದೇಶ ಒಂದನ್ನು ಕಿತ್ತ. ದೀಪ ಮಿಟುಕುವುದು ನಿಂತಿತು.

ಅದೇ ಕ್ಷಣ ಪಕ್ಕದ ಮನೆಯ ಮೋತಿಬಿ ಕೂಗಿದಳು: "ಅಯ್ಯೂಬಭಾಯಿ! ಕರೆಂಟ್ ಯಾಕ ತಗದ್ರಿ? ಗ್ರೈಂಡರ್‌ನ್ಯಾಗ ದ್ವಾಸಿ ಹಿಟ್ಟು ಅರ್ಧಕ್ಕ ನಿಂತೈತಿ!"

"ನಿಮ್ಮ ಕರೆಂಟಿಗೂ ನನಗೂ ಏನ್ ಸಂಬಂಧ, ಆಪಾ?"

"ನನ್ನ ಮಗಳ ಮದುವ್ಯಾಗ ಎರಡು ದಿನಕ್ಕಂತ ನೀವ ವೈರ್ ಎಳದು ಕೊಟ್ಟು, 'ನಿಮ್ಮದ ಮನಿ ಅಂತ ತಿಳ್ಕೋರಿ' ಅಂದಿದ್ರಲ್ಲ? ತಿಳ್ಕೊಂಡೇವಿ!"

ಹೌದು, ಹಿತ್ತಲ ಗೋಡೆ ಹತ್ತಿ ಆ ವೈರಿಗೆ ಟೇಪು ಸುತ್ತಿದವನು ನಾನೇ! ಆ ಮಗಳಿಗೆ ಈಗ ಕೂಸೂ ಆಗಿದೆ. ಸಬೀನಾ ನನ್ನ ನೋಟ್‌ಬುಕ್ಕನ್ನೂ ನನ್ನನ್ನೂ ಸರದಿಯಂತೆ ನೋಡಿದಳು.

ಸಂಜೆಯೊಳಗೆ ಗವಿಸಿದ್ದೇಶ ಮೋತಿಬಿಯ ಗ್ರೈಂಡರು, ಫ್ರಿಜ್ಜುಗಳನ್ನು ಅವಳದೇ ಮೀಟರಿಗೆ ಜೋಡಿಸಿದ. ಶುಕ್ರವಾರ ಅವನ ಕಣ್ಣೆದುರೇ ಆರೂ ಮಷಿನ್ ಒಟ್ಟಿಗೆ ಗುಂಯ್ ಎಂದವು. ಸಬೀನಾಳ ಮುಖ ನೋಡಿ ನನಗೆ ಎಷ್ಟು ಖುಷಿ ಅಂತೀರಿ! ಅಷ್ಟರಲ್ಲಿ ಮೊಮ್ಮಗನಿಗೆ ಅಂಗಿ ಹೊಲಿಸಲು ಮೋತಿಬಿ ಬಂದಳು. ನಾನು ಉಬ್ಬಿಹೋಗಿ, "ಬರ್ರಿ ಆಪಾ, ಬರ್ರಿ! ನಿಮ್ಮದ ಮನಿ ಅಂತ..." ಎಂದೆನಷ್ಟೇ.

ಸಬೀನಾ ಕತ್ತರಿ ಕೆಳಗಿಟ್ಟಳು. "ಗವಿಸಿದ್ದೇಶಪ್ಪಾ, ಹೋಗೂದ್ರಾಗ ಇವರ ಬಾಯಿಗೂ ಒಂದು ಫ್ಯೂಜ್ ಹಾಕಿ ಹೋಗು!"